ಅಕ್ಕ ನೆಲ ಮುಟ್ಟಿದ್ದು

ನಮ್ಮಕ್ಕ ದಪ್ಪ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಕುರುಬರಹಳ್ಳಿಯಲ್ಲಿ ಅವಳ ಬಗ್ಗೆ ಯಾರು ಬಾಯಿ ತೆಗೆದರೂ ಮೊದಲು ಬರುತ್ತಿದ್ದದ್ದು ಅದೇ ಮಾತು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಯಾರೋ ಒಬ್ಬಳು ಅತ್ತೆ ಬಂದು, 'ಇನ್ನೊಂದು ಹೋಳಿಗೆ ಹಾಕ್ಸ್ಕೊಳಮ್ಮ, ನಿನಗೇನು ಲೆಕ್ಕ' ಅಂತ ನಗೋಳು. ಅಕ್ಕ ಹಾಕಿಸಿಕೊಂಡು ತಿನ್ನುತ್ತಿದ್ದಳು. ಮೈಯೆಲ್ಲ ಉರಿಯುತ್ತಿದ್ದದ್ದು ನನಗೆ. ನಾನು ಅವಳಿಗಿಂತ ಚಿಕ್ಕವಳು, ಕಡ್ಡಿ ಹಾಗಿದ್ದೆ, ಜಗಳಕ್ಕೆ ಮಾತ್ರ ಮುಂದೆ. ಈಗಲೂ ಅಷ್ಟೇ, ಬೇಕಾದ್ರೆ ಚಂದ್ರಾ ಲೇಔಟ್‌ನಲ್ಲಿ ನಮ್ಮ ಅಕ್ಕಪಕ್ಕದವರನ್ನ ಕೇಳಿ ನೋಡಿ.

ಅಪ್ಪ ಗರಡಿ ನಡೆಸುತ್ತಿದ್ದರು. ತಾತನ ಕಾಲದ ಹೊಲ ಎಲ್ಲ ಲೇಔಟ್ ಆಗಿ ಹೋಯಿತು, ಹಳೇ ಊರಿನ ಬೀದಿಯಲ್ಲಿ ನಮ್ಮ ಮನೆ ಪಕ್ಕದ ಗರಡಿ ಮಾತ್ರ ಉಳಿದುಕೊಂಡಿತ್ತು. ಗಿಡ್ಡ ಬಾಗಿಲು, ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆ ಮೇಲೆ ಆಂಜನೇಯ. ಆ ಮಣ್ಣಿಗೆ ಅರಿಶಿನ, ಎಳ್ಳೆಣ್ಣೆ, ಮಜ್ಜಿಗೆ ಎಲ್ಲ ಹಾಕಿ ಹದ ಮಾಡೋರು. ಕುಸ್ತಿಗೆ ಇಳಿಯೋಕೆ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಗೆದ್ದವನು ಎದುರಾಳಿಯನ್ನು ಬಿಟ್ಟ ತಕ್ಷಣ, ಬೇರೆ ಏನೂ ಮಾಡದೆ, ಮತ್ತೆ ಬಗ್ಗಿ ಮಣ್ಣು ಮುಟ್ಟಬೇಕು. ಮರೆತರೆ ಅಪ್ಪ ಬೆನ್ನಿಗೆ ಒಂದು ಬಿಟ್ಟು, 'ಗೆದ್ದಿದ್ದು ನೀನಲ್ಲ ಕಣೋ, ನಿನ್ನ ಕಾಲಡಿ ಇದೆಯಲ್ಲ, ಅದು' ಅನ್ನೋರು. ಹೆಂಗಸರು ಮಾತ್ರ ಹೊಸಿಲು ದಾಟುವ ಹಾಗಿಲ್ಲ. ಅಮ್ಮ ಪೈಲ್ವಾನರಿಗೆ ಹಾಲು ತಂದರೂ ಚೊಂಬು ಬಾಗಿಲಲ್ಲಿಟ್ಟು ವಾಪಸ್ ಬರುತ್ತಿದ್ದಳು.

ಅಕ್ಕ ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡೋ ತನಕ ಆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಚೌಕಟ್ಟಿಗೆ ಭುಜ ಕೊಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ಯಾರು ಯಾರಿಗೆ ಯಾವ ಪಟ್ಟು ಹಾಕಿದರು ಅಂತ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು, 'ಅಪ್ಪ, ನಾನೂ ಬರ್ಲಾ?' ಅಪ್ಪ ಅವಳ ಮುಖ ನೋಡದೆ, 'ಹುಡುಗೀರು ಇಳಿದ್ರೆ ಮಣ್ಣು ಕೆಡುತ್ತೆ' ಅಂದರು. 'ಕೆಡೋಕೆ ಅದೇನು ಹಾಲಾ?' ಅಂತ ನಾನು ಹಿಂದಿನಿಂದ ಕೂಗಿ ಏಟು ತಿಂದೆ. ಅಕ್ಕ ಮಾರನೇ ದಿನ ಮತ್ತೆ ಅಲ್ಲೇ ನಿಂತಿದ್ದಳು.

ಕಾಲೇಜಿಗೆ ಸೇರಿದ ಮೇಲೆ ವಿಜಯನಗರದಲ್ಲಿ ಒಂದು ಹಾಲ್‌ನಲ್ಲಿ ಜೂಡೋ ಕಲಿಯೋಕೆ ಹೋದಳು. ಅಲ್ಲಿನ ಕೋಚ್ ಧಾರವಾಡದ ಕಡೆಯವರು, ಹರೆಯದಲ್ಲಿ ತಾವೇ ಕುಸ್ತಿ ಹಿಡಿದವರು. ಅವರು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ನಗಲಿಲ್ಲ. 'ತಂಗಿ, ನಿನ್ನ ಮೈಗೆ ಅಂತನ ಒಂದು ಆಟ ಐತಿ' ಅಂದರು. ಅದು ಸುಮೋ. ಜಪಾನಿನವರ ಕುಸ್ತಿ. ದುಂಡಗಿನ ಕಣ, ಸುತ್ತ ಹಗ್ಗದ ಹಾಗೆ ಒಂದು ದಪ್ಪ ಅಂಚು, ಸೊಂಟಕ್ಕೆ ದಪ್ಪ ಬಟ್ಟೆಯ ಪಟ್ಟಿ. ಎದುರಿಗಿದ್ದವಳನ್ನು ಅಂಚಿನಿಂದ ಆಚೆ ತಳ್ಳಿದರೆ ಗೆದ್ದ ಹಾಗೆ. ಇಲ್ಲ, ಅವಳ ಅಂಗಾಲು ಬಿಟ್ಟು ಮೈಯಲ್ಲಿ ಬೇರೆ ಏನಾದರೂ ನೆಲಕ್ಕೆ ತಾಗಿದರೆ, ಒಂದು ಬೆರಳೇ ತಾಗಿದರೂ ಸರಿ, ಆಗಲೂ ಗೆದ್ದ ಹಾಗೆ. ಆ ಪಟ್ಟಿಯನ್ನು ಟ್ರ್ಯಾಕ್ ಪ್ಯಾಂಟ್ ಮೇಲೆ ಕಟ್ಟಿಕೊಂಡು ತೋರಿಸಿದಾಗ ಅಮ್ಮ, 'ಥೂ, ಏನೇ ಇದು ಲಂಗೋಟಿ' ಅಂತ ಕಿಟಕಿ ಬಾಗಿಲು ಹಾಕಿದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಕ್ಕ ಗೆಲ್ಲೋಕೆ ಶುರು ಮಾಡಿದಳು. ಬೇರೆ ಕಡೆ ಎಲ್ಲ ಅವಳಿಗೆ ಅವಮಾನ ತರುತ್ತಿದ್ದ ಮೈ ಅಲ್ಲಿ ಬೇಕಾದ ಮೈ ಆಗಿತ್ತು. ಒಂದು ಸಲ ಕೋಚ್ ಹೇಳಿದರಂತೆ, ಜಪಾನಿನಲ್ಲಿ ದುಡ್ಡಿಗೆ ಆಡೋ ದೊಡ್ಡ ಸುಮೋ ಕಣಕ್ಕೆ ಹೆಂಗಸರನ್ನು ಹತ್ತಿಸೋದೇ ಇಲ್ಲ, ಹವ್ಯಾಸಿಗಳ ಕೂಟದಲ್ಲಿ ಮಾತ್ರ ಬಿಡ್ತಾರೆ ಅಂತ. ಅಕ್ಕ ಮನೆಗೆ ಬಂದು ನನಗೆ, 'ಅಲ್ಲೂ ನಮ್ಮಪ್ಪನಂಥೋರೇ ಇದಾರೆ ಕಣೇ' ಅಂದಳು. ನಗುತ್ತಲೇ ಅಂದಳು.

ಆ ಮಧ್ಯೆ ಜರ್ಮನಿಯಲ್ಲಿ ನಡೆಯೋ ಕೂಟಕ್ಕೆ ಅವಳು ಆಯ್ಕೆಯಾದಳು. ಒಲಿಂಪಿಕ್ಸ್‌ನಲ್ಲಿ ಜಾಗ ಸಿಗದ ಆಟಗಳನ್ನೆಲ್ಲ ಒಟ್ಟು ಸೇರಿಸಿ ಮಾಡುವ ದೊಡ್ಡ ಕೂಟ ಅದು. ಸುದ್ದಿ ಕೇಳಿ ಗರಡಿ ಜಗುಲಿಯಲ್ಲಿ ಕೂತಿದ್ದ ಅಪ್ಪನ ಶಿಷ್ಯರೆಲ್ಲ ಹೋ ಅಂದರು. ಅವರಲ್ಲಿ ಹಿರಿಯವನು, ನಾವು ಚಿಕ್ಕಂದಿನಿಂದ ಅಣ್ಣ ಅಂತಲೇ ಕರೆಯುತ್ತಿದ್ದವನು, 'ಈಗ್ಲಾದ್ರೂ ಒಳಗೆ ಕರೀರಿ ಉಸ್ತಾದ್' ಅಂದ. ಅಪ್ಪ ಮೀಸೆ ಒರೆಸಿಕೊಂಡು, 'ಪದಕ ತರ್ಲಿ. ಯಾವ್ದಾದ್ರೂ ಸರಿ. ನಾನೇ ಕೈ ಹಿಡಿದು ಇಳಿಸ್ತೀನಿ ಅಖಾಡಕ್ಕೆ' ಅಂದರು. ಅಪ್ಪ ಮಾತು ಕೊಟ್ಟರೆ ಕೊಟ್ಟ ಹಾಗೆ, ಅದು ಬೀದಿಗೆಲ್ಲ ಗೊತ್ತಿತ್ತು. ಅಕ್ಕನ ಮುಖ ನೋಡಬೇಕಿತ್ತು ನೀವು. ಆ ದಿನದಿಂದ ಅವಳಿಗೆ ಜರ್ಮನಿಯೂ ಬೇಕಿರಲಿಲ್ಲ, ಪೇಪರಿನಲ್ಲಿ ಫೋಟೋನೂ ಬೇಕಿರಲಿಲ್ಲ. ಪಕ್ಕದ ಮನೆಯಷ್ಟು ದೂರದ ಆ ಅಖಾಡಕ್ಕೆ ಇಳಿಯೋಕೆ ಅಷ್ಟು ದೂರ ಹೊರಟಿದ್ದಳು ನಮ್ಮಕ್ಕ.

ಕೋಚ್‌ಗೆ ಒಂದೇ ಹೆದರಿಕೆ. ಅಕ್ಕ ಪ್ರಾಕ್ಟೀಸಿನಲ್ಲಿ ಯಾರನ್ನಾದರೂ ಆಚೆ ತಳ್ಳಿದ ಕೂಡಲೇ ಬಗ್ಗಿ ಮ್ಯಾಟ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಬಾಗಿಲಲ್ಲಿ ನಿಂತು ನೋಡಿ ನೋಡಿ ಕೈಗೆ ಹತ್ತಿದ್ದು. 'ಬ್ಯಾಡವಾ ತಂಗಿ, ರೆಫರಿ ಕೈ ಎತ್ತೋ ತನಕ ನೆಲಕ್ಕ ಕೈ ಹಚ್ಚಬ್ಯಾಡ' ಅಂತ ಅವರು ಬೈದು, ಬೇಡಿಕೊಂಡು, ಕಡೆಗೆ ಅವಳ ಕೈಗಳನ್ನು ಹಿಂದಕ್ಕೆ ಹಿಡಿದು ನಿಲ್ಲಿಸಿ ಅಭ್ಯಾಸ ಬಿಡಿಸಿದರು. ಬಿಟ್ಟಳು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು.

ಅವಳ ಪಂದ್ಯದ ದಿನ ಅಮ್ಮ ಲ್ಯಾಂಡ್‌ಲೈನ್ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಅಪ್ಪ ಪೇಪರ್ ಹಿಡಿದಿದ್ದರು, ಹಾಳೆ ಮಾತ್ರ ತಿರುಗಿಸಲಿಲ್ಲ. ಫೋನ್ ನಾನೇ ಎತ್ತಿಕೊಂಡೆ. 'ಕಂಚಿನ ಪಂದ್ಯದಲ್ಲಿ ಸೋತೆ ಕಣೇ' ಅಂದಳು. ನಾನು ಪರವಾಗಿಲ್ಲ ಬಿಡೇ ಅನ್ನೋಕೆ ಹೋದೆ, ಅವಳು ನಡುವೆ ಬಾಯಿ ಹಾಕಿ, 'ಇಲ್ಲ, ಗೆದ್ದಿದ್ದೆ. ಗೆದ್ದೆ ಅಂದ್ಕೊಂಡು ನೆಲ ಮುಟ್ಟಿಬಿಟ್ಟೆ' ಅಂದಳು. ಆಮೇಲೆ ಬರೀ ಅಳು ಕೇಳಿಸಿತು. ಅಪ್ಪ ಏನಾಯ್ತು ಅಂತ ಕೇಳಿದರು. ಸೋತಳು ಅಂತಷ್ಟೇ ಹೇಳಿದೆ, ಉಳಿದದ್ದನ್ನು ಹೇಳೋಕೆ ನನ್ನಂಥ ಬಾಯಿಬಡುಕಿಗೂ ಬಾಯಿ ಬರಲಿಲ್ಲ.

ಅವಳು ವಾಪಸ್ ಬಂದ ವಾರದಲ್ಲಿ ಕೋಚ್ ಒಂದು ಸಿಡಿ ತಂದರು. ಮಧ್ಯಾಹ್ನ, ನಡುಮನೆಯಲ್ಲಿ ಟಿವಿ ಮುಂದೆ ಅಪ್ಪ, ಅಮ್ಮ, ನಾನು. ಅಕ್ಕ ಅಡಿಗೆಮನೆ ಬಿಟ್ಟು ಈಚೆ ಬರಲಿಲ್ಲ. ನೋಡಿದೆವು. ಎದುರಿಗೆ ಗುಂಗುರು ಕೂದಲಿನ ಒಬ್ಬಳು ಬಿಳಿ ಹುಡುಗಿ, ಅಕ್ಕನಿಗಿಂತ ಎತ್ತರ. ಅಕ್ಕ ಅವಳ ಸೊಂಟಪಟ್ಟಿಗೆ ಕೈ ಹಾಕಿ ಹೆಜ್ಜೆ ಹೆಜ್ಜೆಗೂ ತಳ್ಳಿಕೊಂಡು ಹೋದಳು. ಆ ಹುಡುಗಿಯ ಹಿಮ್ಮಡಿ ಅಂಚಿನ ಮೇಲೆ ಹತ್ತಿತು. ಅಂಚಿನ ಮೇಲೆ ಅಷ್ಟೇ, ಆಚೆ ಇನ್ನೂ ಇಳಿದಿರಲಿಲ್ಲ. ಅಕ್ಕ ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಅವಳ ಮುಖ ಕ್ಯಾಮೆರಾ ಕಡೆಗಿತ್ತು, ಆ ಮುಖದಲ್ಲಿ ಬಂದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಟ್ಟಿ ಬಿಟ್ಟಳು. ಬಗ್ಗಿದಳು. ಬಲಗೈಯಲ್ಲಿ ನೆಲ ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡಳು. ರೆಫರಿ ಕೈ ಆ ಹುಡುಗಿ ಕಡೆ ಹೋಯಿತು. ಪಾಪ, ಆ ಹುಡುಗಿಗೂ ಏನಾಯಿತು ಅಂತ ಗೊತ್ತಾಗದೆ ಅಂಚಿನ ಮೇಲೇ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಿದ್ದಳು.

'ಇನ್ನೊಂದ್ಸಲ ಹಾಕು' ಅಂದರು ಅಪ್ಪ. ಹಾಕಿದೆ. ನೋಡಿ ಮುಗಿಸಿ, 'ಅದನ್ನ ಯಾರು ಹೇಳ್ಕೊಟ್ರು ಅವಳಿಗೆ?' ಅಂದರು.

'ಇನ್ಯಾರು, ನೀವೇ' ಅಂದಳು ಅಮ್ಮ. ಇಷ್ಟು ವರ್ಷದ ಸಂಸಾರದಲ್ಲಿ ಅಪ್ಪನ ಜೊತೆ ಅವಳು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಮುಖ ಗೋಡೆ ಕಡೆ ತಿರುಗಿಸಿಕೊಂಡು ಅತ್ತರು. ಪೈಲ್ವಾನರ ಅಳು ನೋಡೋಕಾಗಲ್ಲ ರೀ. ಬೆನ್ನೆಲ್ಲ ಅಲ್ಲಾಡುತ್ತೆ. ನನಗೆ ಅವರ ಮೇಲೆ ಸಿಟ್ಟಿತ್ತು, ಕೊಂದುಬಿಡೋ ಅಷ್ಟು ಸಿಟ್ಟಿತ್ತು, ಆದರೂ ಎದ್ದು ಹೋಗಿ ಆ ಬೆನ್ನ ಮೇಲೆ ಕೈ ಇಟ್ಟೆ.

ಮಾರನೇ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಶಿಷ್ಯರನ್ನೆಲ್ಲ ಹೊರಗೆ ಕೂರಿಸಿ, ಗರಡಿ ಬಾಗಿಲಲ್ಲಿ ನಿಂತು ಅಕ್ಕನನ್ನು ಕರೆದರು. 'ಬಾ' ಅಂದರು. ಕೈ ಚಾಚಿದ್ದರು. ಅಕ್ಕ ಬಂದು ಜಗುಲಿ ಕೆಳಗೇ ನಿಂತಳು.

'ಪದಕ ತಂದಿಲ್ವಲ್ಲಪ್ಪ.'

'ಆ ಮಾತು ಬಿಡು. ನಾನು ವಾಪಸ್ ತಗೊಂಡೆ.'

'ನೀವು ತಗೋಬೇಡಿ' ಅಂದಳು. 'ಪಾಪ ಅಂತ ಕರೆದ್ರೆ ಬರಲ್ಲ ನಾನು. ಮುಂದಿನ ಸಲ ತಂದೇ ಬರ್ತೀನಿ. ಆವಾಗ ಇಳಿಸಿ.'

ನಾನಾಗಿದ್ದರೆ ಓಡಿಹೋಗಿ ಇಳಿದಿರುತ್ತಿದ್ದೆ. ಅಪ್ಪ ಚಾಚಿದ ಕೈ ಹಿಂದಕ್ಕೆ ತಗೊಂಡರು. ಆಮೇಲೆ ಮೀಸೆ ಅಡಿಯಲ್ಲಿ ನಕ್ಕರು. ತಮ್ಮ ಶಿಷ್ಯರ ಪೈಕಿ ಅಂಥಾ ಮಾತು ಆಡೋನು ಒಬ್ಬನೂ ಇಲ್ಲ ಅಂತ ಆ ದಿನವೆಲ್ಲ ಬಂದವರಿಗೆ ಹೋದವರಿಗೆ ಹೇಳಿದರು. ಮುಂದಿನ ಕೂಟಕ್ಕೆ ನಾಲ್ಕು ವರ್ಷ ಇತ್ತು. ಅಪ್ಪನೇ ಬೆಳಿಗ್ಗೆ ಎದ್ದು ಅವಳಿಗೆ ಬಾದಾಮಿ ಅರೆದು ಕೊಡುತ್ತಿದ್ದರು. ಸ್ಕೂಟರ್‌ನಲ್ಲಿ ಹಿಂದೆ ಕೂರಿಸಿಕೊಂಡು ವಿಜಯನಗರಕ್ಕೆ ಬಿಟ್ಟು ಬರುತ್ತಿದ್ದರು. ಅಂಗಳದಲ್ಲಿ ಅವಳಿಗೆ ಪಟ್ಟು ಹೇಳಿಕೊಟ್ಟರು, ಗರಡಿಯೊಳಕ್ಕೆ ಮಾತ್ರ ಕರೆಯಲಿಲ್ಲ. ಅದನ್ನು ಇಬ್ಬರೂ ಹಬ್ಬಕ್ಕೆ ಅಂತ ಎತ್ತಿಟ್ಟ ಸೀರೆ ಥರ ಎತ್ತಿಟ್ಟಿದ್ದರು. ನಮ್ಮ ಮನೆಯಲ್ಲಿ ಅಷ್ಟು ನಗು ಇದ್ದದ್ದು ಆ ಒಂದೇ ಕಾಲದಲ್ಲಿ.

ಅದು ಹೆಚ್ಚು ದಿನ ನಡೆಯಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಎದೆ ನೋವು ಅಂದರು, ರಾಜಾಜಿನಗರದ ಆಸ್ಪತ್ರೆ ಮುಟ್ಟೋ ಮೊದಲೇ ಆಟೋದಲ್ಲಿ ಅಕ್ಕನ ತೊಡೆ ಮೇಲೆ ಹೋಗಿಬಿಟ್ಟರು. ಅಷ್ಟು ದೊಡ್ಡ ಮೈಯನ್ನು ಆಟೋದಿಂದ ಅವಳೊಬ್ಬಳೇ ಎತ್ತಿ ಇಳಿಸಿದಳು. ಬೇರೆ ಯಾರಿಗೂ ಮುಟ್ಟೋಕೆ ಬಿಡಲಿಲ್ಲ.

ತಿಥಿ ಎಲ್ಲ ಮುಗಿದ ಮೇಲೆ ಹಿರಿಯ ಶಿಷ್ಯ, ಆ ಅಣ್ಣ, ಗರಡಿ ಬಾಗಿಲು ತೆಗೆದು ಕಸ ಗುಡಿಸಿ ದೀಪ ಹಚ್ಚಿದ. ನಾನೂ ಅಕ್ಕನೂ ಜಗುಲಿಯಲ್ಲಿ ಕೂತಿದ್ದೆವು. ಅವನು ಹೊರಗೆ ಬಂದು ಕಣ್ಣೊರೆಸಿಕೊಂಡು, 'ಬಾಮ್ಮ ಒಳಗೆ. ಇನ್ನು ನಿನ್ನ ಬೇಡ ಅನ್ನೋರು ಯಾರಿದಾರೆ ಇಲ್ಲಿ' ಅಂದ. ಒಳ್ಳೆ ಮನಸ್ಸಿನಿಂದಲೇ ಅಂದ.

'ಅನ್ನೋರು ಇದ್ದಿದ್ರೆ ಬರ್ತಿದ್ದೆ ಅಣ್ಣ' ಅಂದಳು ಅಕ್ಕ.

ಎದ್ದು ಚಪ್ಪಲಿ ಮೆಟ್ಟಿಕೊಂಡು ಮನೆ ಕಡೆ ನಡೆದಳು. ನಾನು ಅವಳ ಹಿಂದೆ ಹೋದೆ. ಮತ್ತೆ ಯಾವ ಕಣಕ್ಕೂ ಅವಳು ಇಳಿಯಲಿಲ್ಲ.