ಪಕ್ಕದ ಸೀಟಿನ ಉಪ್ಪಿನ ಚೀಲಗಳು

ನಾರ್ಬರ್ಟ್ ಗ್ರಬೋವ್‌ಸ್ಕಿಯ ಕಾರಿಗೆ ಅವನ ಹೆಂಡತಿ ಡೆಲೋರಿಸ್ ಇಟ್ಟ ಹೆಸರು ದೋಣಿ. ಎಪ್ಪತ್ತನೇ ಇಸವಿಯ ಷೆವೆಲ್ ಅದು. ಕಡುನೀಲಿ ಬಣ್ಣ, ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ, ಎಂಜಿನ್ನಿಗೆ ಆನೆಯ ಬಲ. ಆದರೆ ಮುಂದಿನ ಚಕ್ರಗಳನ್ನು ಹಿಡಿದಿಡುವ ಬಾಲ್ ಜಾಯಿಂಟು, ಸ್ಪ್ರಿಂಗು, ರಬ್ಬರ್ ಬುಷ್ಷುಗಳೆಲ್ಲ ವಯಸ್ಸಾಗಿ ಸವೆದು, ನೇರ ರಸ್ತೆಯಲ್ಲೂ ಅದು ಅತ್ತಿತ್ತ ಓಲಾಡಿಕೊಂಡೇ ಹೋಗುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದ ಸುದ್ದಿ ಚಕ್ರಕ್ಕೆ ಮುಟ್ಟುವುದು ತುಸು ಹೊತ್ತಾದ ಮೇಲೆ. ಯಾರಾದರೂ ಅದನ್ನು ಹೇಳಿದರೆ ನಾರ್ಬರ್ಟ್ ಮೂಗು ಮುರಿಯುತ್ತಿದ್ದ. "ಹಿಡಿಯೋಕೆ ಗೊತ್ತಿರ್ಬೇಕು, ಅಷ್ಟೇ." ಅವನ ಊರಾದ ಬೇ ಸಿಟಿಯ ಗಂಡಸರೇ ಹಾಗೆ. ಕಾರಿನ ಕೊರತೆಯನ್ನೂ ಒಡವೆಯಂತೆ ತೋರಿಸಿಕೊಂಡು ತಿರುಗುತ್ತಾರೆ.

ಬಹಳ ವರ್ಷಗಳ ಹಿಂದೆ, ಬೀಟ್‌ಗೆಡ್ಡೆಯ ಲಾರಿಗಳು ಸಕ್ಕರೆ ಕಾರ್ಖಾನೆಗೆ ಹೋಗುವ ಕಾಲದಲ್ಲಿ, ಸರೋವರದ ಪಕ್ಕದ ರಸ್ತೆಯಲ್ಲಿ ಮಳೆ ಹಿಡಿದುಕೊಂಡಿತ್ತು. ಎದುರಿಂದ ಗೆಡ್ಡೆ ತುಂಬಿದ ಲಾರಿ ಬರುವಾಗ ದೋಣಿ ತನ್ನಷ್ಟಕ್ಕೇ ಪಕ್ಕದ ಸಾಲಿಗೆ ತೇಲಿತು. ನಾರ್ಬರ್ಟ್ ಎಡಗೈಯಲ್ಲಿ ಸ್ಟಿಯರಿಂಗ್ ಎಳೆದ, ಬಲಗೈಯನ್ನು ಹೆಂಡತಿಯ ಎದೆಗೆ ಅಡ್ಡ ಹಿಡಿದ. ಬ್ರೇಕ್ ಒತ್ತಿದಾಗಲೆಲ್ಲ ಆ ಕೈ ಹಾಗೆ ಅಡ್ಡ ಹೋಗುವುದು ಅವನ ಮದುವೆಯಷ್ಟೇ ಹಳೆಯ ಅಭ್ಯಾಸ. ಲಾರಿ ಕೂದಲೆಳೆಯಲ್ಲಿ ತಪ್ಪಿತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಡೆಲೋರಿಸ್ ಇಳಿದು ತಂಗಿಗೆ ಫೋನ್ ಮಾಡಿ ಅವಳ ಕಾರು ತರಿಸಿಕೊಂಡಳು.

"ಜಪಮಾಲೆ ಹಿಡ್ಕೊಂಡೇ ಕೂರಬೇಕಾದ ಗಾಡೀಲಿ ಇನ್ಮೇಲೆ ನಾನು ಕೂರಲ್ಲ, ನಾರ್ಬ್. ನೀನೂ ನಿನ್ನ ದೋಣೀನೂ ಹಾಯಾಗಿರಿ," ಎಂದಳು.

ಹೇಳಿದಂತೆಯೇ ನಡೆದುಕೊಂಡಳು. ಪಕ್ಕದ ಸೀಟು ಅಂದಿನಿಂದ ಖಾಲಿ. ಅವನೂ ಬಗ್ಗಿದವನಲ್ಲ, ಕಾರು ರಿಪೇರಿ ಮಾಡಿಸಿ ಬಾರೇ ಎಂದು ಕರೆದವನಲ್ಲ. ಒಂದೇ ಮನೆಯಲ್ಲಿ ಒಂದೇ ಸೂಪು ಕುಡಿಯುತ್ತ, ಒಂದು ಕಾರಿನ ವಿಷಯದಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡೇ ಇದ್ದರು. ಅಷ್ಟು ವರ್ಷ ಹಾಗೆ ಹಾಳಾಯಿತಲ್ಲ ಎಂದರೆ ಸಂಕಟವಾಗುತ್ತದೆ.

ಆಮೇಲೆ ಡೆಲೋರಿಸಳಿಗೆ ಕ್ಯಾನ್ಸರ್ ಬಂತು. ಸ್ತನದಲ್ಲಿ ಹುಟ್ಟಿ ಮೂಳೆಗೆ ಇಳಿಯಿತು. ಈ ಬೇಸಿಗೆಯೊಂದು ಸಿಗಬಹುದು ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ಸಂಜೆ ಅವಳು ಅಡುಗೆಮನೆಯ ಕಿಟಕಿಯಿಂದ ಗ್ಯಾರೇಜಿನತ್ತ ನೋಡುತ್ತ ನಿಂತಿದ್ದಳು.

"ಒಂದ್ಸಲ ಕೇಸ್‌ವಿಲ್‌ಗೆ ಕರ್ಕೊಂಡು ಹೋಗ್ತೀಯೇನೋ? ನಿನ್ನ ದೋಣೀಲೇ."

ಕೇಸ್‌ವಿಲ್ ಎಂದರೆ ಹ್ಯೂರನ್ ಸರೋವರದ ದಂಡೆ. ಮದುವೆಯಾದ ವಾರ ಅವರು ಅಲ್ಲಿ ಬಾಡಿಗೆ ಗುಡಿಸಲಲ್ಲಿ ಇದ್ದು, ಹೊಗೆಯಲ್ಲಿ ಬೇಯಿಸಿದ ಬಿಳಿಮೀನನ್ನು ಪೇಪರಿನ ಮೇಲಿಟ್ಟುಕೊಂಡು ತಿಂದಿದ್ದರು.

ನಾರ್ಬರ್ಟ್ ಅವಳ ಪಕ್ಕಕ್ಕೆ ಬಂದು ನಿಂತ. "ನೀನು ಕೂರಲ್ಲ ಅಂದಿದ್ದೆಯಲ್ಲೇ."

"ಕೂರ್ತೀನಿ. ಆದ್ರೆ ದಾರಿಯುದ್ದಕ್ಕೂ ಮಾತೆ ಮೇರೀನ ಕರೆಯೋ ಹಾಗಿರಬಾರದು. ಆಯ್ತಾ?"

"ಆಯ್ತು," ಎಂದ. ಆ ಒಂದು ಪಯಣ ಅವಳಿಗೆ ಕೊಡಬೇಕು, ಅದೂ ಬೇಗ. ಅವನಿಗೆ ಬೇರೇನೂ ಬೇಕಿರಲಿಲ್ಲ.

ಹಾಗಾದರೆ ಅವನು ಮಾಡಬೇಕಿದ್ದುದು ಸುಲಭವಿತ್ತು. ಸವೆದದ್ದನ್ನು ತೆಗೆದು ಅಂಥದೇ ಹೊಸತು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಳೆಯ ಕಾರಿನವರ ಕೂಟದಲ್ಲಿ ಹಾಗೆ ಹಾಕುವವನನ್ನು ಯಾರೂ ಮನುಷ್ಯ ಎಂದು ಎಣಿಸುವುದಿಲ್ಲ. ಶನಿವಾರ ಬೆಳಿಗ್ಗೆ ಡೋನಟ್ ಅಂಗಡಿಯ ಮುಂದೆ ಬಾನೆಟ್ ತೆರೆದಿಟ್ಟುಕೊಂಡು ನಿಲ್ಲುವ ಆ ಮುದುಕರಲ್ಲಿ ಹಾರ್ಲನ್ ಫ್ರಿಟ್ಜ್ ಎಂಬವನು ಗುರುವಿದ್ದಂತೆ. ನಾರ್ಬರ್ಟ್ ವಿಷಯ ಎತ್ತಿದ್ದೇ ತಡ, ಹಾರ್ಲನ್ ಕಾಫಿ ಲೋಟ ಬಾನೆಟ್ಟಿನ ಮೇಲಿಟ್ಟ.

"ಮತ್ತೆ ಅದೇ ಮೆತ್ತನೆ ಸ್ಪ್ರಿಂಗಾ? ಹಾಸಿಗೆ ಅಂಗಡಿ ಇಡ್ತೀಯೇನಯ್ಯಾ? ಗಟ್ಟಿ ಸ್ಪ್ರಿಂಗ್ ಹಾಕು, ಎರಡು ಇಂಚು ಕೆಳಗಿಳೀಲಿ. ರಬ್ಬರ್ ಬುಷ್ ಕಿತ್ತೆಸೆದು ಗಟ್ಟಿ ಪ್ಲಾಸ್ಟಿಕ್ಕಿನದು ಹಾಕು. ಹಳಿ ಮೇಲೆ ಹೋದಂಗೆ ಹೋಗುತ್ತೆ. ಡೀ ಕಣ್ಣು ಮುಚ್ಕೊಂಡು ಕೂರಬಹುದು."

ಡೀ ಎಂದರೆ ಡೆಲೋರಿಸಳೇ. ಅವಳಿಗೋಸ್ಕರ ಎಂಬ ಮಾತು ಕಿವಿಗೆ ಬಿದ್ದದ್ದೇ ನಾರ್ಬರ್ಟನ ಹಳೆಯ ಚಪಲಕ್ಕೆ ರೆಕ್ಕೆ ಬಂತು. ಇಂಥ ಸಾಮಾನು ಬೇಕೆಂದು ಅವನ ಕೈ ಎಷ್ಟೋ ವರ್ಷದಿಂದ ತುರಿಸುತ್ತಿತ್ತು. ಈಗ ತನ್ನ ಆಸೆಗೆ ಹೆಂಡತಿಯ ಹೆಸರು ಇಟ್ಟುಕೊಂಡ. ಮನಸ್ಸಿನಲ್ಲಿ ಅದು ಸುಳ್ಳೂ ಆಗಿರಲಿಲ್ಲ ಎಂಬುದೇ ಕೆಟ್ಟದ್ದು.

ಗಟ್ಟಿ ಸ್ಪ್ರಿಂಗು, ಪ್ಲಾಸ್ಟಿಕ್ ಬುಷ್ಷು, ಹೊಸ ಬಾಲ್ ಜಾಯಿಂಟುಗಳ ಪೆಟ್ಟಿಗೆಗಳು ಬಂದವು. ಗ್ಯಾರೇಜಿನಲ್ಲಿ ಕಾರಿನ ಮೂತಿಯನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿದ. ಡೆಲೋರಿಸ್ ಹುಲ್ಲಿನಂಗಳದ ಮಡಿಸುವ ಕುರ್ಚಿ ತರಿಸಿಕೊಂಡು, ಮೊಣಕಾಲ ಮೇಲೆ ಕಂಬಳಿ ಹೊದ್ದು ಬಾಗಿಲಲ್ಲಿ ಕೂತಳು. ಅದುಮಿಟ್ಟ ಸ್ಪ್ರಿಂಗ್ ಹಾರಿದರೆ ಮನುಷ್ಯನ ಮುಖ ಉಳಿಯುವುದಿಲ್ಲ. ಅದಕ್ಕೇ ಅವನು ಸ್ಪ್ರಿಂಗನ್ನು ಸರಪಣಿಯಿಂದ ಚಾಸಿಗೆ ಬಿಗಿದು, ಚಕ್ರವನ್ನು ಹಿಡಿದಿರುವ ಕೆಳಗಿನ ಕಬ್ಬಿಣದ ತೋಳನ್ನು ಜಾಕಿನಿಂದ ಇಂಚಿಂಚೇ ಇಳಿಸಿದ.

"ಚರ್ಚಿನ ಆಲ್ಟರ್ ಮುಂದೆ ನನ್ನ ಕೈ ಹಿಡಿದಾಗ್ಲೂ ಇಷ್ಟು ಜೋಪಾನ ಮಾಡ್ಲಿಲ್ಲ ನೀನು," ಎಂದಳು.

"ನೀನು ಹಾರಿ ಮುಖಕ್ಕೆ ಹೊಡೀತಿರ್ಲಿಲ್ಲವಲ್ಲೇ."

"ಯಾರು ಹೇಳಿದ್ರು?"

ಇಬ್ಬರೂ ನಕ್ಕರು. ನಗು ಅವಳ ಪಕ್ಕೆಲುಬಿಗೆ ನೋವು ತಂದಿತು. ಅವಳು ಅದನ್ನು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡಳು.

ಹಳೆಯ ಸ್ಪ್ರಿಂಗುಗಳನ್ನು, ಬುಷ್ಷು ಸಮೇತ, ಅವನು ಬೀದಿಯ ಅಂಚಿಗಿಟ್ಟ. ಸಂಜೆಯೊಳಗೆ ಗುಜರಿಯವನು ಎತ್ತಿಕೊಂಡು ಹೋದ.

ಕೊನೆಯ ಕೆಲಸ ಅಲೈನ್‌ಮೆಂಟ್, ಎಂದರೆ ಚಕ್ರಗಳನ್ನು ನೇರಕ್ಕೆ ಹೊಂದಿಸುವುದು. ಅಂಗಡಿಗೆ ಒಯ್ಯುವವನಲ್ಲ ಅವನು. ಚಕ್ರಗಳ ಪಕ್ಕಕ್ಕೆ ಮೀನಿನ ಗಾಳದ ದಾರ ಕಟ್ಟಿ ಅಳೆದು, ಮೇಲಿನ ತೋಳಿನ ಬೋಲ್ಟ್ ಹಿಂದೆ ತೆಳ್ಳನೆಯ ತಗಡಿನ ಬಿಲ್ಲೆಗಳನ್ನು ಹಾಕಿ ತೆಗೆದು ಮಾಡುವವನು. ಆ ಕಡೆಯ ಹಳಬರಲ್ಲಿ ಒಂದು ಕ್ರಮವಿದೆ. ಕಾರಿನಲ್ಲಿ ಯಾರು ಕೂರುತ್ತಾರೋ ಅವರ ತೂಕವನ್ನು ಸೀಟಿನ ಮೇಲಿಟ್ಟೇ ಚಕ್ರ ಹೊಂದಿಸಬೇಕು, ಇಲ್ಲದಿದ್ದರೆ ಜನ ಕೂತ ಮೇಲೆ ಕಾರು ಒಂದು ಕಡೆಗೆ ಎಳೆಯುತ್ತದೆ. ಇಷ್ಟು ವರ್ಷ ಅವನು ತನ್ನೊಬ್ಬನ ತೂಕವನ್ನೇ ಇಟ್ಟು ಹೊಂದಿಸಿದ್ದ. ಈಗ ನೆಲಮಾಳಿಗೆಯಿಂದ ಗಡಸು ನೀರನ್ನು ಮೆದು ಮಾಡುವ ಉಪ್ಪಿನ ಚೀಲಗಳನ್ನು, ಒಂದೊಂದೂ ಹದಿನೆಂಟು ಕಿಲೋ, ಹೊತ್ತು ತಂದು ತನ್ನ ಸೀಟಿಗೂ ಪಕ್ಕದ ಸೀಟಿಗೂ ಪೇರಿಸತೊಡಗಿದ.

"ನಿನ್ನ ತೂಕ ಎಷ್ಟೇ?"

"ಹೆಂಗಸರನ್ನ ಹಾಗೆಲ್ಲ ಕೇಳ್ತಾರೇನೋ, ಮಾನಗೆಟ್ಟವನೇ?"

"ಕಾರಿಗೆ ಬೇಕು."

"ಹಾಗಾದ್ರೆ ಮೂರು ಚೀಲ ಅಂತ ಬರ್ಕೋ. ಚೂರು ಕಮ್ಮೀನೇ ಇರ್ಬಹುದು. ಹೊಟ್ಟೆ ಉರ್ಕೋಬೇಡ."

ಮೊದಲು ನಾಲ್ಕು ಚೀಲದ ಹೆಂಗಸು ಅವಳು. ಅವನು ತಿರುಗಿ ನೋಡದೆ ಮೂರು ಚೀಲ ಇಟ್ಟು, ನಾಲ್ಕನೆಯದನ್ನು ಗೋಡೆಗೆ ಒರಗಿಸಿದ.

ಅಲ್ಲಿನ ನಡುಬೇಸಿಗೆಯಾದ ಜುಲೈನ ಒಂದು ಬೆಳಿಗ್ಗೆ ಹೊರಟರು. ಅವಳು ಹಳದಿ ಸ್ಕಾರ್ಫ್ ಕಟ್ಟಿದ್ದಳು. ಡಬ್ಬಿಯಲ್ಲಿ ಪೆರೋಗಿ, ಆಲೂಗಡ್ಡೆ ತುಂಬಿದ ಕಡುಬು, ಇತ್ತು. ಕಾರು ಹದ್ದಿನಂತೆ ತಗ್ಗಿ ಕೂತಿತ್ತು. ದೊಡ್ಡ ರಸ್ತೆಗೆ ತಿರುಗಿದ್ದೇ ನಾರ್ಬರ್ಟ್ ಎರಡೂ ಕೈ ಬಿಟ್ಟು ತೋರಿಸಿದ. ಕಾರು ದಾರ ಎಳೆದಂತೆ ನೇರಕ್ಕೆ ಹೋಯಿತು.

"ನೋಡಿದ್ಯಾ ಡೀ? ನೋಡಿದ್ಯಾ!"

"ಕೈ ಇಡೋ ಮುದುಕಪ್ಪ," ಎಂದಳು, ಆದರೆ ಖುಷಿಯಿಂದಲೇ.

ಊರು ದಾಟುವ ಮುಂಚೆ ರೈಲು ಗೇಟಿದೆ. ಹಳಿಗಳ ನಡುವಿನ ಡಾಂಬರು ಕಿತ್ತುಹೋಗಿತ್ತು. ಅವನು ವೇಗ ತಗ್ಗಿಸಿದ, ಬಲಗೈ ರೂಢಿಯಂತೆ ಅವಳ ಎದೆಗೆ ಅಡ್ಡ ಹೋಯಿತು. ಆ ಕೈ ಮುಂದಿನಿಂದ ಬರುವ ಏಟನ್ನು ತಡೆಯುವ ಕೈ. ಇದು ಕೆಳಗಿನಿಂದ ಬಂತು. ಗಟ್ಟಿ ಸ್ಪ್ರಿಂಗು, ಗಟ್ಟಿ ಬುಷ್ಷು ಏನನ್ನೂ ನುಂಗದೆ, ಒಂದೊಂದು ಹಳಿಯನ್ನೂ ಹಾಗ್ಹಾಗೇ ಸೀಟಿಗೆ ದಾಟಿಸಿದವು. ಡೆಲೋರಿಸಳ ಬಾಯಿಂದ ಒಂದು ಸದ್ದು ಬಂತು. ಅಂಥ ಸದ್ದನ್ನು ನಾರ್ಬರ್ಟ್ ಈ ಕಾಯಿಲೆಯಲ್ಲೂ ಅವಳಿಂದ ಕೇಳಿರಲಿಲ್ಲ.

ಪಕ್ಕಕ್ಕೆ ನಿಲ್ಲಿಸಿದ. ಅವಳ ಮುಖ ಬೂದಿಯಾಗಿತ್ತು. ಕೈ ಬಾಗಿಲ ಹಿಡಿಯನ್ನು ಬಿಡುತ್ತಿರಲಿಲ್ಲ.

"ಹೋಗು. ಸರಿ ಹೋಗುತ್ತೆ, ಹೋಗು," ಎಂದಳು.

ಇನ್ನೂ ಗಂಟೆಗೂ ಮೀರಿದ ದಾರಿಯಿತ್ತು. ಮನೆಗೆ ತಿರುಗಿಸಿದರೂ ಅದೇ ಹಳಿಯನ್ನು ಮತ್ತೆ ದಾಟಬೇಕಿತ್ತು. ಅವನು ಬಾಯ್ಬಿಟ್ಟು ಹೇಳದೆಯೇ ಅವಳಿಗೆ ಅದು ತಿಳಿಯಿತು. ಪರ್ಸಿನಿಂದ ಜಪಮಾಲೆ ತೆಗೆದು ಬೆರಳಿಗೆ ಸುತ್ತಿಕೊಂಡಳು. ಅವನು ಕಾರು ಮನೆಯ ಕಡೆಗೆ ತಿರುಗಿಸಿ, ಮನುಷ್ಯ ನಡೆಯುವಷ್ಟು ನಿಧಾನವಾಗಿ ಹಳಿ ದಾಟಿಸಿದ. ಹಿಂದೆ ನಿಂತ ಕಾರುಗಳು ಹಾರ್ನ್ ಬಡಿದವು. ಮನೆಯ ಮುಂದೆ ಅವಳನ್ನು ಎತ್ತಿ ಇಳಿಸುವಾಗ ಅವಳು ಅವನ ಕಿವಿಯ ಬಳಿ ಹೇಳಿದಳು, "ದೋಣಿನೇ ಚೆನ್ನಾಗಿತ್ತು ಕಣೋ. ಭಯ ಆಗೋದು, ನೋಯ್ತಿರ್ಲಿಲ್ಲ."

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಗ್ಯಾರೇಜಿಗೆ ಹೋಗಿ ಆ ಹೊಳೆಯುವ ಸಾಮಾನಿನ ಮುಂದೆ ಕೂತು ಮೂರ್ಖ, ಮೂರ್ಖ ಎಂದು ತನ್ನ ತೊಡೆಗೇ ಹೊಡೆದುಕೊಂಡ. ಮೂಳೆ ಟೊಳ್ಳಾದ ಹೆಂಗಸನ್ನು ಕೂರಿಸಲು ರೇಸಿನ ಸ್ಪ್ರಿಂಗ್ ಹಾಕಿದ ಗಂಡನಿಗೆ ಬೇರೆ ಹೆಸರಿಲ್ಲ. ಹಾರ್ಲನ್ ಫೋನ್ ಮಾಡಿ, "ಹೇಗಿದೆಯೋ ಗುರು, ಹಳಿ ಮೇಲೆ ಹೋದಂಗೆ ಹೋಯ್ತಾ?" ಎಂದು ಕೇಳಿದ.

"ಹೋಯ್ತು," ಎಂದು ನಾರ್ಬರ್ಟ್ ಫೋನ್ ಇಟ್ಟ.

ಗುಜರಿಗೆ ಹೋದ ಸ್ಪ್ರಿಂಗ್ ಸಿಗಲಿಲ್ಲ, ಅಷ್ಟರಲ್ಲಿ ಕರಗಿಯೇ ಹೋಗಿರಬೇಕು. ಮೊದಲಿನಂಥ ಮೆತ್ತನೆಯ ಸ್ಪ್ರಿಂಗು, ರಬ್ಬರ್ ಬುಷ್ಷು ಎಲ್ಲಿಂದಲೋ ತರಿಸಬೇಕಾಯಿತು. ಅದು ಬರುವ ಹೊತ್ತಿಗೆ ಮುಂದಿನ ಕೋಣೆಗೆ ಆಸ್ಪತ್ರೆಯ ಮಂಚ ಬಂದಿತ್ತು. ಡೆಲೋರಿಸ್ ಕಿಟಕಿಯ ಪಕ್ಕ ಮಲಗಿ ಗ್ಯಾರೇಜಿನ ಸದ್ದು ಕೇಳುತ್ತಿದ್ದಳು. ಅವನು ಹಾಕಿದ್ದನ್ನೆಲ್ಲ ಬಿಚ್ಚಿದ. ಸರಪಣಿ ಬಿಗಿದ, ಇಳಿಸಿದ, ಏರಿಸಿದ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಚಕ್ರ ನೆಲಕ್ಕೆ ತಾಗಿ, ಸೀಟಿನ ಮೇಲೆ ಭಾರ ಕೂತ ಮೇಲೆಯೇ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಆದ್ದರಿಂದ ಮತ್ತೆ ಉಪ್ಪಿನ ಚೀಲ, ಪಕ್ಕದ ಸೀಟಿಗೆ ಹೋದ ಸಲದಷ್ಟೇ ಮೂರು.

ಕೈ ಒರೆಸಿಕೊಂಡು ಮಂಚದ ಬಳಿ ಬಂದು ನಿಂತ. ಅವಳೇ ಕೇಳಿದಳು.

"ತೂಕ ಬೇಕಾ?"

"ಹೂಂ."

"ಎರಡು ಚೀಲ. ಅದಕ್ಕಿಂತ ಜಾಸ್ತಿ ಹಾಕಿ ನನಗೆ ಮಸ್ಕಾ ಹೊಡೀಬೇಡ."

"ಹೋದ ಸಲದ್ದೇ ಇರ್ಲಿ ಬಿಡೇ. ತಿಂದು ಮೈ ಮಾಡ್ಕೋತೀಯ."

"ನಾರ್ಬ್." ಅವಳು ಅವನ ಎಣ್ಣೆ ಹತ್ತಿದ ಬೆರಳನ್ನು ಹಿಡಿದುಕೊಂಡಳು. "ನಾನು ಈಗ ಇರೋ ಹಾಗೇ ಹೊಂದಿಸು. ನಾನು ಕೂತೇ ಕೂರ್ತೀನಿ ಅಂತ ಹೊಂದಿಸು."

ಅವನು ಗ್ಯಾರೇಜಿಗೆ ಹೋಗಿ ಮೂರನೆಯ ಚೀಲವನ್ನು ಸೀಟಿನಿಂದ ಎತ್ತಿ ನಾಲ್ಕನೆಯದರ ಪಕ್ಕದಲ್ಲಿ ಗೋಡೆಗಿಟ್ಟ. ಬೋಲ್ಟ್ ಬಿಗಿದ. ದಾರ ಕಟ್ಟಿ, ಬಿಲ್ಲೆ ಹಾಕಿ, ತೆಗೆದು, ಮತ್ತೆ ಹಾಕಿ, ಕತ್ತಲಾಗುವವರೆಗೆ ಹೊಂದಿಸಿದ. ಭಾನುವಾರ ಪೂಜೆ ಮುಗಿದ ಮೇಲೆ ಹೊರಡುವುದೆಂದು ಮಾತಾಯಿತು. ಅವಳು ಹಳದಿ ಸ್ಕಾರ್ಫ್ ಒಗೆಸಿಟ್ಟುಕೊಂಡಳು. ಶುಕ್ರವಾರ ಮಧ್ಯಾಹ್ನ, ಅವನು ಸೂಪು ಬಿಸಿ ಮಾಡುತ್ತಿದ್ದಾಗ, ಡೆಲೋರಿಸ್ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಕೋಳಿ, ನೂಡಲ್ಸು, ಪೋಲಿಷ್ ಸಾಸೇಜು. ನಾರ್ಬರ್ಟ್ ತಟ್ಟೆ ಮುಟ್ಟಲಿಲ್ಲ. ಹಾರ್ಲನ್ ಅವನನ್ನು ಮನೆಗೆ ಬಿಡಲು ಬಂದವನು ಗ್ಯಾರೇಜಿನೊಳಗೆ ಇಣುಕಿದ.

"ಆ ಚೀಲ ಇಳಿಸ್ಕೊಡ್ಲಾ? ಸೀಟು ತಗ್ಗು ಬೀಳುತ್ತೆ."

"ಮುಟ್ಬೇಡ."

ಹಾರ್ಲನ್ ಟೋಪಿ ಹಾಕಿಕೊಂಡು ಹೊರಟುಹೋದ. ಆ ದಿನ ಅವನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಅದರ ಮುಂದಿನ ಭಾನುವಾರ ಪೂಜೆಗೆ ಹೋಗದೆ ನಾರ್ಬರ್ಟ್ ತನ್ನ ಸೀಟಿನ ಚೀಲಗಳನ್ನು ಇಳಿಸಿ ಕಾರು ಹೊರತೆಗೆದ. ಪಕ್ಕದ ಸೀಟಿನಲ್ಲಿದ್ದ ಎರಡು ಚೀಲಗಳಿಗೆ ಸೊಂಟದ ಬೆಲ್ಟ್ ಹಾಕಿದ. ಹಾಕುವಾಗ ನಾಚಿಕೆಯಾಯಿತು, ಯಾರಾದರೂ ನೋಡಿಯಾರು ಎಂದು ಬೀದಿಯತ್ತ ನೋಡಿಕೊಂಡ. ಆದರೆ ಅವನು ಹೊಂದಿಸಿದ್ದು ಇಬ್ಬರು ಕೂರುವ ಕಾರನ್ನು. ಒಬ್ಬನೇ ಕೂತರೆ ಅದು ಅವನ ಕಡೆಗೇ ಎಳೆಯುತ್ತಿತ್ತು.

ಕಾರು ಓಲಾಡಲಿಲ್ಲ. ಹೊಸ ಬಾಲ್ ಜಾಯಿಂಟುಗಳು ಚಕ್ರವನ್ನು ನೇರಕ್ಕೆ ಹಿಡಿದಿದ್ದವು, ಮೆತ್ತನೆಯ ಸ್ಪ್ರಿಂಗು ರಸ್ತೆಯನ್ನು ಸದ್ದಿಲ್ಲದೆ ನುಂಗುತ್ತಿತ್ತು. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಈಗ ಒಂದು ಕೂದಲೆಳೆಯಷ್ಟೂ ಕುಂದಿಲ್ಲದೆ ಆಗಿತ್ತು.

ರೈಲು ಗೇಟು ಬಂತು. ಅವನು ವೇಗ ತಗ್ಗಿಸಿದ. ಬಲಗೈ ತಾನಾಗಿ ಅಡ್ಡ ಹೋಗಿ ಉಪ್ಪಿನ ಚೀಲದ ಮೇಲೆ ನಿಂತಿತು. ಮೊದಲ ಹಳಿ, ಎರಡನೆಯ ಹಳಿ. ಕೈಯಡಿ ಚೀಲ ಅಲುಗಲಿಲ್ಲ.

"ದಾಟಿದ್ವಿ ಡೀ," ಎಂದ ಗಟ್ಟಿಯಾಗಿ. "ನೋಯ್ಲಿಲ್ಲ ತಾನೇ?"

ಆಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತ. ಕೇಸ್‌ವಿಲ್‌ವರೆಗೆ ಹೋಗಲು ಆಗಲಿಲ್ಲ. ಕಾರು ತಿರುಗಿಸಿ, ಬಲಗೈ ಹಾಗೇ ಅಡ್ಡ ಹಿಡಿದುಕೊಂಡು, ಹಳಿಯನ್ನು ಇನ್ನೊಂದು ಸಲ ನಿಧಾನವಾಗಿ ದಾಟಿ ಮನೆಗೆ ಬಂದ.