ಕಾಜವಿಲ್ಲದ ಗುಂಡಿ

ನಾನು ತಂಗಿ ಎನ್ನುವ ಈ ದರ್ಜಿಯನ್ನು ಮೊದಲು ಕಂಡದ್ದು, ತೀರಿಕೊಂಡ ನಮ್ಮ ಯಜಮಾನರ ಅಂಗಿಯನ್ನು ನನ್ನ ಮೈಗೆ ಸರಿಯಾಗಿ ಹಿಡಿಸಲು ಹೋದ ದಿನ. ಅಳತೆ ತೆಗೆಯುತ್ತಲೇ ನನ್ನ ಫೋನು ಕಿತ್ತುಕೊಂಡು, ತನ್ನ ಗೆಳತಿಯರ ಆಟಕ್ಕೆ ನನ್ನನ್ನೂ ಸೇರಿಸಿಬಿಟ್ಟಳು. ದಿನಾ ಸಂಜೆ ಆರಕ್ಕೆ ಒಬ್ಬಳು ಫೋನಿನಲ್ಲಿ ಸುಳಿವು ಬರೆದು ಕಳಿಸಬೇಕು, ಉಳಿದವರು ಅದೇನೆಂದು ಊಹಿಸಬೇಕು. ಇವಳು ತನ್ನ ಕಿಟಕಿಯಲ್ಲಿ ಕಾಣುವುದನ್ನೇ ಆರಿಸುವಳು, ಸುಳಿವನ್ನು ಮಾತ್ರ ಹೊಲಿಗೆಯಿಂದ ತರುವಳು. ಚಂದ್ರನಿಗೆ, "ಗುಂಡಿ ಇದೆ, ಕಾಜ ಇಲ್ಲ." ಮೋಡಕ್ಕೆ, "ರಾಶಿ ಹತ್ತಿ, ಒಂದೂ ಹೊಲಿಗೆ ಇಲ್ಲ." "ಅಯ್ಯೋ ತಾಯಿ, ಆಕಾಶಕ್ಕೂ ಟೇಪು ಹಿಡೀತೀಯಲ್ಲೇ!" ಎಂದು ಗುಂಪಿನಲ್ಲಿದ್ದ ಟೀಚರಮ್ಮ ರೇಗಿಸುವರು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ನನಗಾಗಿ, "ತಡೀರೇ, ಅಕ್ಕ ಬರೀತಿದ್ದಾರೆ" ಎಂದು ಎಲ್ಲರನ್ನೂ ಕಾಯಿಸುವಳು. ಅಂಥವಳು ಒಂದು ಸಂಜೆ, "ಬರೀಬೇಡಿ ಅಕ್ಕಾ, ಬಾಯಲ್ಲೇ ಹೇಳಿ" ಎಂದಳು. ನನ್ನ ಅಕ್ಷರ ಅವಳ ಕಣ್ಣಿಗೆ ಕಾಣುತ್ತಿಲ್ಲವೆಂದು ನನಗೆ ಆಗ ತಿಳಿಯಿತು. ಮರುದಿನದಿಂದ ಅವಳ ಸೂಜಿಗೆ ದಾರ ಪೋಣಿಸಲು ನಾನೇ ಹೋಗತೊಡಗಿದೆ. ನಿನ್ನೆ ಆರು ಗಂಟೆಗೆ ಅವಳು ಫೋನು ಮುಟ್ಟಲಿಲ್ಲ. ಕಿಟಕಿಯತ್ತ ಮುಖ ತಿರುಗಿಸಿ ಮೆಲ್ಲಗೆ ಕೇಳಿದಳು: "ಅಕ್ಕಾ, ಈಗ ಹೊರಗೆ ಏನಿದೆ? ಹೆಸರು ಹೇಳಬೇಡಿ, ಸುಳಿವು ಕೊಡ್ತೀರಾ?"