ಅಂಗಡಿ ನೋಡುವ ಪೋಸ್ಟ್‌ಮ್ಯಾನ್

“ನಾನು ನಡೆದಿರೋ ದಾರೀನ ಹಗ್ಗ ಮಾಡಿದ್ರೆ ಭೂಮಿಗೆ ಮೂರು ಸುತ್ತು ಸುತ್ತಿ, ಗಂಟು ಹಾಕೋಕೂ ಒಂದಿಷ್ಟು ಉಳಿಯುತ್ತೆ” ಎನ್ನುವುದು ನಿವೃತ್ತ ಪೋಸ್ಟ್‌ಮ್ಯಾನರ ಜಂಬ. ಈಚೆಗೆ ನೂರು ಹೆಜ್ಜೆಗೊಮ್ಮೆ ಅವರ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಅದನ್ನು ಒಪ್ಪಿಕೊಂಡರೆ ಮರ್ಯಾದೆ ಉಳಿಯುತ್ತದೆಯೇ? ಹಾಗಾಗಿ ನೋವು ಬಂದಲ್ಲಿ ಸಿಗರೇಟು ಹಚ್ಚಿ ಅಂಗಡಿ ನೋಡುತ್ತ ನಿಲ್ಲುತ್ತಾರೆ. ಬಕೆಟ್ಟು, ಕೊಡೆ, ಹೆಂಗಸರ ಚಪ್ಪಲಿ, ಎಲ್ಲದರ ಬೆಲೆಯೂ ಬಾಯಿಪಾಠ. ಮೊನ್ನೆ ಒಂದು ಬರಿಗೋಡೆಯೆದುರು ನಿಂತಿದ್ದಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದರು. “ಇಲ್ಲೇನ್ರೀ ಇದೆ?” “ಬಣ್ಣ ಚೆನ್ನಾಗಿ ಬಳಿದಿದಾರೆ ಕಣೇ” ಎಂದವರ ಕೈ ಮಾತ್ರ ಕಾಲನ್ನು ಒತ್ತುತ್ತಿತ್ತು. ಆಕೆ ರಟ್ಟೆ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. “ಕಾಲಿನ ರಕ್ತನಾಳ ಕಟ್ಟಿಕೊಳ್ತಿದೆ. ಹೀಗೇ ಬಿಟ್ಟಿದ್ರೆ ಕಾಲೇ ಹೋಗ್ತಿತ್ತು. ಸಿಗರೇಟು ಇವತ್ತಿಂದಾನೇ ನಿಲ್ಲಿಸಿ. ಮೊದಲೇ ಬರೋಕೇನಾಗಿತ್ತು ತಾತ?” ಎಂದರು ಡಾಕ್ಟರಮ್ಮ. “ಮೂರು ತಿಂಗಳ ಹಿಂದೇನೇ ಹೊರಟಿದ್ದೆ ತಾಯಿ. ದಾರೀಲಿ ನಿಂತು ನಿಂತು ಈಗ ತಲುಪಿದೀನಿ.”